ಮುದುಕಿಯ ಮಂಚ

ಮೊಳಕಾಲ್ಮೂರಿನ ಆಚೆ, ಶಾಲೆಯ ಜಗುಲಿ.
ಒಳಗೆ ಅರಗು ಹಾಕಿದ ಯಂತ್ರ, ಅದರ ಬುಡದಲ್ಲೇ
ಪೇದೆ ಗಾದಿಲಿಂಗಪ್ಪನ ಗೊರಕೆ.
ನಾಳೆ ಬೆರಳಿಗೆ ಶಾಯಿ ಹಚ್ಚುವವಳು ನಾನು,
ಚಾಪೆ ಮೇಲೆ ಅಂಗಾತ.

ಕರೆಂಟು ಹೋಗಿದ್ದೇ ತಡ
ಆಕಾಶ ಇಷ್ಟು ಹತ್ತಿರ ಬಂತು.
ದಾವಣಗೆರೆಯ ನಮ್ಮ ತಾರಸಿಯಲ್ಲಿ
ಬಟ್ಟೆ ಒಣಗಿಸಿದ್ದೇ ಹೊರತು
ತಲೆ ಎತ್ತಿದ್ದು ನೆನಪಿಲ್ಲ.

'ಸಪ್ತರ್ಷಿ' ಅಂದೆ, ಪಾಠ ಒಪ್ಪಿಸುವ ಹಾಗೆ.
ಬಿಸಿಯೂಟದ ತಿಪ್ಪಮ್ಮ ನಕ್ಕಳು:
'ಎಂಥ ಋಷಿ ತಾಯಿ, ಅದು ಮುದುಕಿ ಮಂಚ.
ನಾಕು ಕಾಲು ನೋಡು. ಹಿಂದೆ ಮೂರು ಜನ ಕಳ್ಳರು.
ನಮ್ಮಜ್ಜಿ ಕಾಲದಿಂದ ಎಳೀತಾನೇ ಅದಾರೆ,
ಒಯ್ಯಂಗೂ ಇಲ್ಲ, ಬಿಡಂಗೂ ಇಲ್ಲ.'

'ಮುದುಕಿ?'
'ಎದ್ದೇ ಐತೆ. ನಿದ್ದೆ ಹೆಂಗ್ ಬರ್ತೈತೆ?'

ಆಮೇಲೆ ಅವಳು ಕೇಳಿದ್ದು ಪಡಿತರದ ಅಕ್ಕಿ,
ನಾನು ಯೋಚಿಸಿದ್ದು ಫ್ರಿಜ್ಜಿನ ಹೊರಗೇ ಉಳಿದ
ದೋಸೆ ಹಿಟ್ಟು. ಹುಳಿ ಬಂದಿರುತ್ತೆ.
ನನ್ನ ವೋಟು ವಾರದ ಹಿಂದೆಯೇ ಲಕೋಟೆಯಲ್ಲಿ ಹೋಯಿತು,
ಗೋಂದು ಸರಿಯಾಗಿ ಅಂಟಿತ್ತೋ ಇಲ್ಲವೋ.

ಬೆಳಗಿನ ಐದೂವರೆಗೆ ಅಣಕು ಮತದಾನ:
ಐವತ್ತು ಸುಳ್ಳು ಒತ್ತಿ, ಎಣಿಸಿ, ಅಳಿಸಿ,
ಸೊನ್ನೆ ತೋರಿಸಿ ಎಲ್ಲರ ಸಹಿ.
ಕಿಟಕಿಯಾಚೆ ಮಂಚವೂ ಇರಲಿಲ್ಲ.

ಸಾಲಿನಲ್ಲಿ ಮೊದಲು ತಿಪ್ಪಮ್ಮ,
ತೊಳೆದ ಎಡಗೈ ಚಾಚಿ:
'ಒಸಿ ಗಟ್ಟಿ ಹಚ್ಚು.
ಹೋದ್ಸಲದ್ದು ಪಾತ್ರೆ ತಿಕ್ಕೋದ್ರಾಗೇ ಹೋತು.'