ಐದನೆಯ ಒಡಲು

ನನ್ನ ಕೆಲಸ ತಟ್ಟುವುದು.
ಹತ್ತು ಫ್ರಾಂಕಿನ ಹಳೆಯ ನಾಣ್ಯ,
ರೊಟ್ಟಿ ಅಂಗಡಿಯವಳು ಕೂಡ ಮುಟ್ಟುವುದಿಲ್ಲ ಈಗ ಅದನ್ನು,
ಲೋರಿಯಾಂ ಬಂದರಿನ ಈ ಕಾಂಕ್ರೀಟು ಗವಿಯಲ್ಲಿ ಮಾತ್ರ
ಇನ್ನೂ ಚಲಾವಣೆ.

ಜರ್ಮನರು ಜಲಾಂತರ್ಗಾಮಿಗಳಿಗೆಂದು ಕಟ್ಟಿದ್ದು.
ಬಾಂಬಿಗೆ ಊರು ಪುಡಿಯಾಯಿತು, ಇದು ಉಳಿಯಿತು.
ಭೂಮಿ ಸುತ್ತುವ ಹಾಯಿದೋಣಿಗಳು ಇಲ್ಲೀಗ
ಕೀಲ್ ಕಳಚಿಟ್ಟು, ಬೋಳು ಹೊಟ್ಟೆ ತೋರಿಸಿಕೊಂಡು
ನನ್ನ ಕಿವಿಗೆ ಕಾಯುತ್ತವೆ.

ಆರು ದೋಣಿ. ಅರವತ್ತೈದು ಅಡಿ. ಒಂದೇ ಅಚ್ಚು.
ಅಚ್ಚಿನ ಮೇಲೆ ಕಾರ್ಬನ್ ಬಟ್ಟೆ, ಬಟ್ಟೆಗೆ ಅಂಟು,
ನಡುವೆ ಜೇನಿಲ್ಲದ ಜೇನುಗೂಡಿನ ಹಾಳೆ,
ಮತ್ತೆ ಬಟ್ಟೆ, ಮತ್ತೆ ಅಂಟು, ಆಮೇಲೆ ಒಲೆ.
ಹಾಯಿ ಒಂದೇ, ಹಗ್ಗ ಒಂದೇ,
ಮಲಗಲು ಇಬ್ಬರಿಗೆ ಒಂದೇ ಮಂಚ:
ಒಬ್ಬ ಏಳುತ್ತಾನೆ, ಅವನು ಬಿಟ್ಟ ಬಿಸಿಯೊಳಗೆ
ಇನ್ನೊಬ್ಬ ಬೀಳುತ್ತಾನೆ.
ಗೆದ್ದರೆ ಮನುಷ್ಯ ಗೆಲ್ಲಬೇಕು, ದೋಣಿಯಲ್ಲ.
ಈ ವರ್ಗದ ಧರ್ಮ ಅಷ್ಟೇ.

ಆದರೂ ತೂಗಿದ ದಿನ ಐದನೆಯದು
ಹನ್ನೊಂದು ಕಿಲೋ ಹಗುರ ಬಂತು.
ಅಂಟು ಹಚ್ಚಿದವರು ಅವತ್ತು ಉಪವಾಸವಿದ್ದರೇನೋ ಎಂದು ನಕ್ಕೆವು.
ಸೀಸ ತಂದು ಕೂವೆಕಂಬದ ಬುಡಕ್ಕೆ ಬಿಗಿದು
ಸಮ ಮಾಡಿದೆವು.
ಕಾಗದದ ಮೇಲೆ ಆರೂ ಒಂದೇ.

ಫೆಬ್ರವರಿ, ತೆಂಕಣ ಸಾಗರ, ನಡುರಾತ್ರಿ ದಾಟಿತ್ತು.
ಮಾದೆಗ್ ಕೆರ್ವಿಯೆಲ್ ಮುಂದಿನ ಹಾಯಿ ಇಳಿಸಲು ಹೋದ.
ಅಲೆ ಬಂತು, ಹೋಯಿತು.
ಅವನು ನಿಂತಿದ್ದ ಜಾಗ
ಊಟವಾದ ಮೇಲೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.
ನಾಲ್ಕು ಗಂಟೆ ಸುತ್ತಿ ಸುತ್ತಿ ಹುಡುಕಿದರು.
ಆಮೇಲೆ ಓಟ ಮುಂದುವರಿಯಿತು; ಏನು ಮಾಡೀತು,
ಆ ನೀರಿನಲ್ಲಿ ಗಾಳಿಗೆ ಗೊತ್ತಿರುವುದು ಒಂದೇ ದಿಕ್ಕು.

ಜೂನಿನಲ್ಲಿ ಐದನೆಯದು ನನ್ನ ಬಳಿ ಬಂತು.
ಮೂತಿಯಿಂದ ಹಿಂಬದಿಯವರೆಗೆ
ಅಂಗೈಗೊಂದರಂತೆ ತಟ್ಟಿದೆ.
ಟಣ್. ಟಣ್. ಟಣ್.
ಎಲ್ಲೂ ಹೋಗಿಯೇ ಇಲ್ಲವೆನ್ನುವ ಹಾಗೆ.
'ದೋಷವಿಲ್ಲ' ಎಂದು ಬರೆದು ಸಹಿ ಹಾಕಿದೆ.

ಅವನ ಅಕ್ಕ ಕತೆಲ್ ಬಂದಳು, ದುವಾರ್ನನೆಯಿಂದ, ಬಸ್ಸಿನಲ್ಲಿ.
ಐದನೆಯದರೊಳಗೆ ಕಾಲಿಡಲಾರೆ ಎಂದಳು.
'ಎಲ್ಲ ಒಂದೇ ಅನ್ನುತ್ತೀರಲ್ಲ, ಬೇರೆ ಯಾವುದಾದರೂ ತೋರಿಸಿ.'
ಎರಡನೆಯದಕ್ಕೆ ಇಳಿಸಿದೆ.
ಬೂಟು ಬಿಚ್ಚದೆ ಮಂಚದಲ್ಲಿ ಮಲಗಿದಳು.
ಕರಿ ಚಾವಣಿ ಮೂಗಿನಿಂದ ಒಂದು ಗೇಣು.
ಬಹಳ ಹೊತ್ತು.

'ನಾನು ಸಾರ್ಡೀನ್ ಕಾರ್ಖಾನೆಯವಳು,' ಮಲಗಿದ್ದಲ್ಲಿಂದಲೇ ಅಂದಳು.
'ಇಪ್ಪತ್ತೆರಡು ವರ್ಷ. ನಮ್ಮ ಡಬ್ಬಿಗಳೂ ಒಂದೇ ಅಚ್ಚು.
ಕೆಟ್ಟದ್ದನ್ನು ಬೆರಳಲ್ಲಿ ಮೀಟಿ ಹೇಳಿಬಿಡುತ್ತೇನೆ.
ನಿಮ್ಮದು ಕೆಟ್ಟರೆ ಹೇಗೆ ಕೇಳುತ್ತದೆ?'

ತೋರಿಸಲು ಕೆಟ್ಟ ದೋಣಿ ಒಂದೂ ಇರಲಿಲ್ಲ.
ಹೊಸ ಹುಡುಗರಿಗೆ ಕಲಿಸಲೆಂದು
ಬೇಕೆಂದೇ ಕೆಡಿಸಿದ ಹಲಗೆಯೊಂದಿದೆ:
ಮುಖ ನುಣುಪು,
ಒಳಗೆ ಪದರವೊಂದು ಪದರದ ಕೈ ಬಿಟ್ಟದ್ದು.
ನಾಣ್ಯ ಅವಳ ಕೈಗೆ ಕೊಟ್ಟೆ.

ಟಣ್. ಟಣ್.
ದಬ್.
ಅಲ್ಲೇ ಇನ್ನೊಮ್ಮೆ. ದಬ್.
'ಹ್ಞೂಂ' ಎಂದಳು, ಪರಿಚಯದವರನ್ನು ಕಂಡ ಹಾಗೆ.

ಸೀಸದ ವಿಷಯ ಹೇಳಲೇ ಅಂದುಕೊಂಡೆ.
ಹೊರಡುವ ಮುನ್ನ ನಾವಿಕರನ್ನೂ ತೂಗುತ್ತೇವೆ:
ಮಾದೆಗ್ ಎಪ್ಪತ್ತಾರು ಕಿಲೋ.
ಅವನ ಜಾಗಕ್ಕೆ ಬಂದ ಹುಡುಗ ಅರವತ್ತೊಂಬತ್ತು.
ಹೇಳಲಿಲ್ಲ.

ಆರೂವರೆಯ ಬಸ್ಸಿಗೆ ಹೋದಳು.
ನಾಣ್ಯ ಅವಳ ಮುಷ್ಟಿಯಲ್ಲೇ ಇತ್ತು, ನಾನೂ ಕೇಳಲಿಲ್ಲ.
ಈಗ ಎರಡು ಯೂರೋದಲ್ಲಿ ತಟ್ಟುತ್ತೇನೆ.
ಅದರ ದನಿ ಕಿವಿಗಿನ್ನೂ ಕೂತಿಲ್ಲ,
ಗಟ್ಟಿಯಿದ್ದ ಜಾಗದಲ್ಲೂ
ಎರಡೆರಡು ಸಲ ಕೇಳಬೇಕು.