ಒಂದೂವರೆ ಗಂಟೆಯ ಕಣ್ಣು

ದಿನಾ ಮಧ್ಯಾಹ್ನ ಒಂದೂವರೆಗೆ
ಕೊಪ್ಪಳದ ನೆತ್ತಿಯ ಮೇಲೆ ಅದು ಹಾಯುತ್ತದೆ,
ಎಂಟುನೂರು ಕಿಲೋಮೀಟರು ಎತ್ತರದಲ್ಲಿ. ಸದ್ದಿಲ್ಲ, ನೆರಳಿಲ್ಲ.
ನಾನಾಗ ಆಫೀಸಿನ ನಲ್ಲಿಯಲ್ಲಿ ಡಬ್ಬಿ ತೊಳೆಯುತ್ತಿರುತ್ತೇನೆ,
ಬೆರಳಿಗಿನ್ನೂ ಪುಂಡಿಪಲ್ಯದ ಹುಳಿ.

ಸಂಜೆ ಪರದೆಗೆ ಇಳಿಯುತ್ತದೆ ಚಿತ್ರ:
ಗಿಣಿಗೇರಿಯ ಚಿಮಣಿಗಳಿಂದ ಹೊರಟದ್ದು
ಎಮ್ಮೆ ಬಾಲ ಬೀಸಿದ ಹಾಗೆ ಪಡುವಣಕ್ಕೆ ಬಾಗಿ
ತೆಳ್ಳಗಾಗಿ, ಇದ್ದೂ ಇಲ್ಲದ್ದಾಗಿ.
ಅದಕ್ಕೆ ಬಣ್ಣ ಹಚ್ಚುವುದು ನನ್ನ ಸಂಬಳ.
ಹಳದಿಯಾದರೆ ಸರಿ,
ಕೇಸರಿಯಾದರೆ ಒಂದು ಸಾಲು ಟಿಪ್ಪಣಿ,
ಕೆಂಪಾದರೆ ಸಾಹೇಬರಿಗೆ ಫೋನು.
ಮೂರು ವರ್ಷದಲ್ಲಿ ಎರಡೇ ಫೋನು:
ಗಂಗಾವತಿ ಕಡೆ ಭತ್ತದ ಕೂಳೆ ಸುಟ್ಟಾಗೊಮ್ಮೆ,
ಮೋಡವನ್ನು ಹೊಗೆಯೆಂದು ನಾನು ಬೆದರಿದಾಗೊಮ್ಮೆ.

ಒಂದು ಚೌಕವೆಂದರೆ ಒಂದು ಕಿಲೋಮೀಟರು.
ಅದರೊಳಗೆ ಶಾಲೆ, ದರ್ಗಾ, ಹಿಟ್ಟಿನ ಗಿರಣಿ,
ನಾನೂರು ಮಾಳಿಗೆ.
ಎಲ್ಲಕ್ಕೂ ಸೇರಿ ಒಂದೇ ಅಂಕಿ.

"ನೆಲದ ನಿಜ ನೋಡಿ ಬಾ" ಅಂದರು.
ನಮ್ಮ ಕಸುಬಿನಲ್ಲಿ ಅದಕ್ಕೆ ಹಾಗೇ ಹೆಸರು.
ಆಕಾಶ ಹೇಳಿದ್ದಕ್ಕೆ ನೆಲ ಹೂಂಗುಡಬೇಕು, ಅಷ್ಟೆ.

ಮಾಗಿಯ ಬೆಳಗು. ಅಳೆಯುವ ಪೆಟ್ಟಿಗೆ ಬೆನ್ನಿಗೆ ಕಟ್ಟಿ
ಮೌಲಾಬಿ ನದಾಫಳ ಮಾಳಿಗೆ ಹತ್ತಿದೆ.
ಗಾದಿ ಹೊಲಿಯುವವಳು. ಗಂಡನ ಬಿಲ್ಲು
ಮೂಲೆಯಲ್ಲಿ ತಂತಿ ಸಡಿಲಿಸಿಕೊಂಡು ನಿಂತಿದೆ.

"ಏನ್ ಅಳೀತೀಯವ್ವಾ?"
"ಗಾಳ್ಯಾಗಿನ ಧೂಳಾ."
"ನಲವತ್ತ್ ವರ್ಷ ಅರಳಿ ಧೂಳಾ ಕುಡದೀನಿ ನಾ.
ಅದರ ಕೆಮ್ಮು ಬಿಳೀದು. ಇದರದ್ ಬ್ಯಾರೆ."

ನಿನ್ನೆ ಸಂಜೆ ಒಣಹಾಕಿ ಮರೆತ ಬಿಳಿ ಬಟ್ಟೆ,
ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ.
ಒಂದನ್ನೆತ್ತಿದಳು:
ಅಡಿಗೆ ಒಂಬತ್ತಿಂಚಿನ ಬಿಳುಪು.
ಸುತ್ತ ಕಾಡಿಗೆ.

ನನ್ನ ಪೆಟ್ಟಿಗೆ ಆಗ ಹಳದಿ ಅನ್ನುತ್ತಿತ್ತು.

"ಇದು ರಾತ್ರಿ ಬೀಳೂದು. ನಿಮ್ಮ ಆ ಮ್ಯಾಲಿನ ಕಣ್ಣು
ಎಷ್ಟೊತ್ತಿಗೆ ಬರ್ತೈತಿ?"
"ಒಂದೂವರಿಗೆ."
"ಹಂಗಾರ ಬೀಗರು ಬಂದಂಗಾತು ಬಿಡು.
ಉಂಡು ಎದ್ದು ಹೋಗೋರಿಗೆ
ಮನಿ ಜಗಳ ಏನ್ ಗೊತ್ತಾಗ್ತೈತಿ?"

ಬಟ್ಟೆ ಕೊಡು, ದಾಖಲೆಗೆ ಬೇಕು ಅಂದೆ.
ಕೊಡಲಿಲ್ಲ. ಗಿರಾಕಿಯದು, ಮದುವಿ ಗಾದಿ, ಶುಕ್ರವಾರ ಒಯ್ಯತಾರ.
"ತೊಳದ್ರ ಹೋಗಾಂಗಿಲ್ಲ. ಕರೇದನ್ನ
ಒಳಮಗ್ಗಲಾ ಮಾಡಿ ಹೊಲೀತೀನಿ."
ಹಲ್ಲಲ್ಲಿ ದಾರ ಕಚ್ಚಿದಳು.

ಸಂಜೆ ಪರದೆಯಲ್ಲಿ ಮತ್ತೆ ಆ ಬಾಲ.
ಚಿತ್ರದಲ್ಲಿ ಅದು ಮುಗಿಯುವ ಚೌಕ ಕಂಡಿತು.
ಅಲ್ಲಿಂದ ಮುಂದೆ ಅದು ಹೊಕ್ಕದ್ದು
ಯಾವ ಹುಡುಗಿಯ ಬೆನ್ನಡಿಗೆಂದು ಬರೆಯಲು
ನಮೂನೆಯಲ್ಲಿ ಜಾಗವಿರಲಿಲ್ಲ.
ನೆಲದ ನಿಜ ಎಂಬಲ್ಲಿ ಮೂರೇ ಅಂಕಿ ಹಿಡಿಯುತ್ತವೆ.
ತುಂಬಿದೆ.

ಮನೆಗೆ ಬಂದು, ಯಾರಿಗೂ ಹೇಳದೆ,
ಮಾಳಿಗೆಯಲ್ಲಿ ಬಿಳಿ ಟವೆಲು ಹಾಸಿ ಇಟ್ಟಿಗೆ ಹೇರಿದೆ.

ನಡುರಾತ್ರಿ ಕೆಮ್ಮಿಗೆ ಎಚ್ಚರ. ಗಡಿಯಾರದಲ್ಲಿ ಒಂದೂವರೆ.
ಈ ಹೊತ್ತಿಗೂ ಅದು ಹಾಯುತ್ತದೆ, ನನಗೆ ಗೊತ್ತು,
ಇದೇ ನೆತ್ತಿಯ ಮೇಲೆ.
ಕುಲುಮೆಯ ಕಾವು ಕಾಣುತ್ತದೆ ಅದಕ್ಕೆ, ಬೀದಿಯ ದೀಪ ಕಾಣುತ್ತದೆ.
ಹೊಗೆ ಕಾಣುವುದಿಲ್ಲ.