ಗುಲಗಂಜಿ ಏಳಲಿಲ್ಲ

ಹಿತ್ತಲದ ಬಚ್ಚಲಗಲ್ಲಿಗೆ ನೀರು ಬಂದಾಗ
ಸಂಜೀ ಆಗಿತ್ತು. ಹೊಳಿ ಅಲ್ಲ ಅದು,
ಹೊಳಿ ಕಳಿಸಿದ ಸುದ್ದಿ: ತೆಳ್ಳಗ, ಕೆಂಪಗ,
ಯಾರದೋ ಒಂಟಿ ಚಪ್ಪಲಿ, ಕಬ್ಬಿನ ರವದಿ ಹೊತ್ತುಕೊಂಡು.

"ಕೊಯ್ನಾದಿಂದ ಬಿಟ್ಟಾರ" ಅಂತ ಒದರಿ
ಪಂಚಾಯ್ತಿ ರಿಕ್ಷಾ ಮುತ್ತೂರ ದಾಟಿತು.
ಆರು ಕೋಳಿ ಹಿಡಿದೆ, ಕಾಲು ಕಟ್ಟಿದೆ.
ಹುಂಜ ಮಾತ್ರ ತಗಡಿನ ಮ್ಯಾಲ ಹತ್ತಿ
ನಟ್ಟನಡುರಾತ್ರಿ ಬೆಳಗು ಮಾಡಾಕ ನೋಡಿತು.

ಏಳನೇದು ಗುಲಗಂಜಿ. ಹದಿನೆಂಟನೇ ದಿನದ ಕಾವು.
ಕೈ ಹಾಕಿದರ ಕುಕ್ಕಿತು.
ನೀರು ಗೂಡಿನ ಎರಡನೇ ಇಟ್ಟಂಗಿಗೆ ಬಂದಿತ್ತು.
ಆಕಿ ಏಳಲಿಲ್ಲ.
ನಾನೂ ಒಮ್ಮೆ ಹಂಗ ಕುಂತಿದ್ದೆ, ಜಮಖಂಡಿ ದವಾಖಾನ್ಯಾಗ,
ಏಳು ಅಂದವರನ್ನೆಲ್ಲ ಕುಕ್ಕಿ.

ಜಗಳ ಆಡಲಿಲ್ಲ. ಹೊಟ್ಟು, ತತ್ತಿ, ಆಕಿ,
ಎಲ್ಲಾ ಕೂಡಿ ಬುಟ್ಟ್ಯಾಗ, ಬುಟ್ಟಿ ತಲಿಮ್ಯಾಲ.
ಎದಿಮಟ ನೀರು. ದೋಣಿಯ ಮಾಳಿಂಗ ಕೇಳಿದ:
"ಬಂಗಾರ ಏನ ದುಂಡವ್ವಾ?"
"ಹೂಂನಪಾ, ಬಿಸಿ ಐತಿ, ಮುಟ್ಟಬ್ಯಾಡ."

ಸಾಲ್ಯಾಗ ನಾಕು ರಾತ್ರಿ. ಮೂರನೇ ಇಯತ್ತೆ ಖೋಲಿ,
ಕರಿಹಲಗಿ ಮ್ಯಾಲ ಅರ್ಧಕ್ಕ ನಿಂತ ಹದಿನೇಳರ ಮಗ್ಗಿ.
ತಲಾಠಿ ಬಂದು ಹೋದದ್ದು ಬರಕೊಂಡ:
ಹಿತ್ತಲಗ್ವಾಡಿ, ಜೋಳ ನಾಕು ಚೀಲ, ಹುಂಜ ಒಂದು.
ಬರಿಯೂವಾಗ ಬೆಂಚಿನ ಬುಡಕ ಚಿಂವ್ ಅಂತು.
ಪೆನ್ನು ನಿಂತಿತು. ಬಗ್ಗಿ ನೋಡಿದ.
ಅದಕ್ಕ ಅವನ ಹಾಳಿಯೊಳಗ ಖಾನೆ ಇರಲಿಲ್ಲ.

ಈಗ ಮನಿಯೊಳಗಿನ ಕೆಸರು ಬಳಿಯಾಕತ್ತೀನಿ.
ಒಂಬತ್ತು ಮರಿ. ಎರಡು ತತ್ತಿ ಕೊಳತವು.
ಗೂಡು ಈ ಸಲ ಮಾಳಗಿ ಮ್ಯಾಲ ಕಟ್ಟಬೇಕು,
ಇಟ್ಟಂಗಿ ಎಣಿಸಿ ಇಟ್ಟೀನಿ.
ನಸುಕಿನ್ಯಾಗ ಮಾತ್ರ
ಯಾರೂ ಕೂಗದ್ದಕ್ಕ
ಎಚ್ಚರಾಗತೈತಿ.